ನಕಾಶೆಯ ರಸ್ತೆ, ನೆಲದ ರಸ್ತೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇಂಜಿನಿಯರನಲ್ಲ, ಬ್ಯಾಂಕಿನ ಗುಮಾಸ್ತ. ಗೃಹಸಾಲದ ಕಾಗದಗಳ ಜೊತೆಗೆ ಬರುವ ನಕಾಶೆಗಳ ಮೊಹರು ನೋಡಿ ಕಡತಕ್ಕೆ ಸೇರಿಸುವುದು ನನ್ನ ಕೆಲಸ. ಅಂಥವನು ರಸ್ತೆಯ ನಕಾಶೆಯ ಬಗ್ಗೆ ಮಾತನಾಡಲು ನಿಂತಿರುವುದಕ್ಕೆ ನಾನು ಪಟ್ಟ ಪಾಡೇ ಕಾರಣ.

ವಾಕಡದಲ್ಲಿ ಮನೆ ಕೊಳ್ಳುವಾಗ ಮಾರುವವರು ತೋರಿಸಿದ ಚಿತ್ರದಲ್ಲಿ, ಬಾಗಿಲ ಮುಂದಿನಿಂದ ಹೆದ್ದಾರಿಯವರೆಗೆ ಅಗಲವಾದ ರಸ್ತೆಯೊಂದು ಹರಿದಿತ್ತು. ಅದು ಮುಂಬಯಿ–ಬೆಂಗಳೂರು ಹೆದ್ದಾರಿ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮೇಲೆ ಹಾಯ್ದು ನಮ್ಮನ್ನು ಊರಿಗೆ ಮುಟ್ಟಿಸುವ ದಾರಿ. ಮನಸ್ಸು ಅಲ್ಲಿಯೇ ಸೋತಿತು, ಮುಂಗಡ ಕೊಟ್ಟೆ. ಗೃಹಪ್ರವೇಶಕ್ಕೆ ಬಂದು ನೋಡಿದರೆ ಆ ರಸ್ತೆ ನೂರು ಹೆಜ್ಜೆ ನಡೆದು ಒಬ್ಬ ರೈತರ ಬೇಲಿಗೆ ಬಂದು ನಿಂತಿತ್ತು. ಬೇಲಿಯಾಚೆ ಬಾವಿ. ಮೂರು ಮಳೆಗಾಲ ಕಳೆದವು. ಬೇಲಿ ಅಲ್ಲಿಯೇ ಇದೆ. ಮಂಜೂರಾದ ನಕಾಶೆಯನ್ನು ಬಿಚ್ಚಿ ನೋಡಿದೆ. ಬೇಲಿಯಿಂದಾಚೆಗೆ ರಸ್ತೆಯನ್ನು ಬರಿಯ ತುಂಡುಗೆರೆಯಲ್ಲಿ ಬರೆದಿತ್ತು. ನೂರಾರು ಜನರ ಕಾಗದ ನೋಡಿದ ನಾನು ನನ್ನ ಕಾಗದವನ್ನೇ ಓದಿರಲಿಲ್ಲ.

ಆಗ ರಸ್ತೆಯ ನಕಾಶೆ ಬರೆಯುವ ಕೆಲಸದಲ್ಲಿರುವ ನನ್ನ ಅಣ್ಣನ ಮಗನನ್ನು ಕೇಳಿದೆ: “ಈ ಗೆರೆಗಳನ್ನು ಹೇಗಪ್ಪಾ ಎಳೆಯುತ್ತೀರಿ?” ಅವನು ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದ.

ಹದ್ದು ಆಕಾಶದಿಂದ ನೋಡಿದಂತೆ ಬರೆದ ಚಿತ್ರಕ್ಕೆ ಪ್ಲ್ಯಾನ್ ಎಂದು ಹೆಸರು. ಮೊದಲು ಅಳತೆಗಾರರು ನೆಲದಲ್ಲಿ ಅಳೆದು ತಂದ ಬಿಂದುಗಳನ್ನು ರಂಗೋಲಿಯ ಚುಕ್ಕಿಗಳಂತೆ ಇಡುತ್ತಾರೆ. ಬಳಿಕ ರಸ್ತೆಯ ನಡುಗೆರೆ. ಎರಡು ನೇರಗೆರೆ ಕೂಡುವಲ್ಲಿ ಮೂಲೆಯಾಗುತ್ತದೆ. ಓಡುವ ವಾಹನ ಮೂಲೆಯಲ್ಲಿ ತಿರುಗಲಾರದು. ಅಲ್ಲಿ ‘ಫಿಲೆಟ್’ ಎಂಬ ಆಜ್ಞೆ ಕೊಟ್ಟು ತ್ರಿಜ್ಯ ಹೇಳಿದರೆ ಮೂಲೆ ಕಮಾನಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ರಸ್ತೆಗೆ ಸುಮಾರು 230 ಮೀಟರ್ ತ್ರಿಜ್ಯ ಬೇಕು. ವೇಗ ಇಮ್ಮಡಿಯಾದರೆ ತ್ರಿಜ್ಯ ನಾಲ್ಮಡಿಯಾಗಬೇಕು. ಕೊನೆಗೆ ‘ಆಫ್‌ಸೆಟ್’: 24 ಮೀಟರ್ ಅಗಲದ ರಸ್ತೆಯಾದರೆ ನಡುಗೆರೆಯಿಂದ ಆಚೆ ಈಚೆ 12 ಮೀಟರಿಗೆ ಒಂದೊಂದು ಗೆರೆ. ಕ್ಷಣದಲ್ಲಿ ರಸ್ತೆ ಸಿದ್ಧ!

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1963ರಲ್ಲಿ ಅಮೆರಿಕದ ಐವಾನ್ ಸದರ್ಲ್ಯಾಂಡ್ ಅವರು ‘ಸ್ಕೆಚ್‌ಪ್ಯಾಡ್’ ರಚಿಸಿ, ಪರದೆಯ ಮೇಲೆ ಗೆರೆ ಎಳೆಯಬಹುದೆಂದು ತೋರಿಸಿದರು. 1982ರಲ್ಲಿ ಆಟೋಕ್ಯಾಡ್ ಬಂದಿತು. ಇದೇ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ನಮ್ಮ ವಿಶ್ವೇಶ್ವರಯ್ಯನವರು ಖಡಕವಾಸಲಾಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲು ಹಾಕಿಸಿದಾಗ ಇದಾವುದೂ ಇರಲಿಲ್ಲ, ಕೈಯಿಂದಲೇ ಬರೆಯಬೇಕಾಗಿತ್ತು.

ಹುಡುಗ ತೋರಿಸಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಾಟಿತು. ಅವರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುವುದಿಲ್ಲ. ಮನೆಗಳು ಒಂದು ಲೇಯರ್, ಮರಗಳು ಒಂದು, ಬಾವಿಗಳು ಒಂದು, ಹೊಲದ ಗಡಿ ಇನ್ನೊಂದು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಹಾಸಿದಂತೆ. ಬೇಡವಾದದ್ದನ್ನು ಮರೆಮಾಡಬಹುದು. ಅವನು ಗುಂಡಿ ಒತ್ತಿದ. ಬಾವಿಗಳೆಲ್ಲ ಮಾಯವಾಗಿ ರಸ್ತೆ ಅಂದವಾಗಿ ಕಂಡಿತು. “ಕಾಕಾ, ಬಾವಿ ಎಲ್ಲಿಗೂ ಹೋಗಿಲ್ಲ, ನಾವು ತೋರಿಸಿಲ್ಲ ಅಷ್ಟೇ” ಎಂದ. ನನಗೆ ಮಾರಿದವರ ಚಿತ್ರವೂ ಇಂಥದೇ! ಅದರಲ್ಲಿ ಬೇಲಿಯೂ ಇರಲಿಲ್ಲ, ಬಾವಿಯೂ ಇರಲಿಲ್ಲ, ಆ ರೈತರೂ ಇರಲಿಲ್ಲ. ಅಲ್ಲಿಯವರೆಗೆ ನಾನು ಅವರನ್ನೇ ದೂರುತ್ತಿದ್ದೆ. ಆದರೆ 1:1000ರ ನಕಾಶೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ ಒಂದು ಮೀಟರ್. ಗೆರೆ ಕೂದಲೆಳೆಯಷ್ಟು ಸರಿದರೆ ಒಬ್ಬರ ಅಡಿಗೆಮನೆ ಹೋಗುತ್ತದೆ. ಅವರಿಗೆ ಬಾವಿಯೇ ಜೀವನ.

ಆದುದರಿಂದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂಗಡ ಕೊಡುವ ಮೊದಲು ಬಣ್ಣದ ಚಿತ್ರವನ್ನು ಬದಿಗಿಟ್ಟು ಮಂಜೂರಾದ ನಕಾಶೆಯನ್ನು ಕೇಳಿರಿ. ಅದರ ಮೂಲೆಯಲ್ಲಿ ಉತ್ತರ ದಿಕ್ಕು, ಅಳತೆ, ಗುರುತುಗಳ ವಿವರ ಇರುತ್ತವೆ. ಯಾವ ಗೆರೆ ಇರುವ ರಸ್ತೆ, ಯಾವುದು ಆಗಬೇಕಾದ ರಸ್ತೆ ಎಂದು ತಿಳಿಯಿರಿ. ಡಿ.ಪಿ. ರಸ್ತೆಯಾದರೆ ಆ ಜಾಗ ಮಹಾನಗರಪಾಲಿಕೆಯ ವಶಕ್ಕೆ ಬಂದಿದೆಯೇ ಎಂದು ವಿಚಾರಿಸಿರಿ. ಆಮೇಲೆ ನಕಾಶೆಯನ್ನು ಕೈಯಲ್ಲಿ ಹಿಡಿದು ಆ ಗೆರೆಯ ಮೇಲೆ ಕಾಲ್ನಡಿಗೆಯಲ್ಲಿ ಹೋಗಿರಿ.

ಇನ್ನೊಂದು ಮಾತು. ಮಹಾರಾಷ್ಟ್ರದ 1966ರ ನಗರರಚನಾ ಕಾನೂನಿನಂತೆ ಕರಡು ಅಭಿವೃದ್ಧಿ ಯೋಜನೆಯನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಪಿಂಪರಿ-ಚಿಂಚವಾಡ ಮಹಾನಗರಪಾಲಿಕೆ 2025ರಲ್ಲಿ ಹಾಗೆ ಪ್ರಕಟಿಸಿದಾಗ ನಮ್ಮಲ್ಲಿ ಎಷ್ಟು ಜನ ನೋಡಿದೆವು? “ನಾವು ಹೊರಗಿನವರು, ನಮಗೇಕೆ?” ಎಂದು ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿಯೇ ಓದಿಸಿ, ಇಲ್ಲಿಯ ನೀರು ಕುಡಿಯುವವರು ಹೊರಗಿನವರಾಗುವುದು ಹೇಗೆ? ಮನೆಯಲ್ಲಿ ಕನ್ನಡವನ್ನು ಉಳಿಸಿಕೊಳ್ಳೋಣ. ಬೀದಿಯ ನಕಾಶೆಯನ್ನು ನೆರೆಯ ಮರಾಠಿ ಬಂಧುಗಳ ಜೊತೆ ಕುಳಿತು ಓದೋಣ. ನಾನು ಈಗ ಆ ರೈತರೊಡನೆ ಮಾತನಾಡುತ್ತಿದ್ದೇನೆ. ಬಾವಿಯನ್ನು ಬಿಟ್ಟು ಗೆರೆ ತುಸು ಬಾಗಬಹುದೇ ಎಂದು ಇಬ್ಬರೂ ಕೂಡಿ ಅರ್ಜಿ ಬರೆಯುತ್ತಿದ್ದೇವೆ.