ಮೂರನೇ ಮಹಡಿಯಿಂದ ಹಳ್ಳದವರೆಗೆ: ಒಬ್ಬರೇ ಹೊರಬಹುದಾದ ದೋಣಿ

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಕೊಂಡು ಮಾತಾಡ್ತೀನಿ. ನ್ಯೂಯಾರ್ಕ್ ರಾಜ್ಯದಲ್ಲಿ ಎಂ.ಎಸ್. ಓದ್ತಾ ಇರೋ ನಮ್ಮ ಕೇಳುಗರೊಬ್ಬರು ಕಳಿಸಿದ್ದು. ನ್ಯೂಯಾರ್ಕ್ ಅಂದ ತಕ್ಷಣ ಗಗನಚುಂಬಿ ಕಟ್ಟಡ ನೆನಪಾದರೆ ಅದನ್ನ ಪಕ್ಕಕ್ಕಿಡಿ. ಆ ರಾಜ್ಯದ ಉತ್ತರಕ್ಕೆ ಅಡಿರಾಂಡಾಕ್ ಅಂತ ಸುಮಾರು 60 ಲಕ್ಷ ಎಕರೆಯ ಬೆಟ್ಟ, ಕಾಡು, ಕೆರೆ, ಹಳ್ಳಗಳ ಸೀಮೆ ಇದೆ. ಅವರ ಪ್ರಶ್ನೆ ಅಲ್ಲಿಯದು.

ಅವರು ಬರೆದದ್ದು ಇಷ್ಟು: 'ಅಣ್ಣಾ, ನನಗೆ ಹಳ್ಳಗಳಲ್ಲಿ ಟ್ರೌಟ್ ಹಿಡಿಯೋ ಹುಚ್ಚು ಹತ್ತಿದೆ. ಒಬ್ಬಳೇ ಹೋಗಬೇಕು. ಮೂರನೇ ಮಹಡಿಯಲ್ಲಿದ್ದೀನಿ, ಲಿಫ್ಟ್ ಇಲ್ಲ. ನನ್ನ ತೂಕ 50 ಕೆಜಿ. ಯಾವ ಕ್ಯಾನೂ ತಗೊಳ್ಳಲಿ?' ಕೊನೆಗೆ, ಹೇಳಲೋ ಬೇಡವೋ ಅಂತ ಸೇರಿಸಿದ ಹಾಗೆ ಒಂದು ಸಾಲು: 'ಈಜು ಅಷ್ಟಾಗಿ ಬರಲ್ಲ.' ಆ ಸಾಲಿಗೆ ಆಮೇಲೆ ಬರ್ತೀನಿ. ಮರೆತಿಲ್ಲ.

ಮೊದಲು ತೂಕ. ಅಂಗಡಿಗೆ ಹೋದರೆ ಕಡಿಮೆ ಬೆಲೆಗೆ ಸಿಗೋದು ಪ್ಲಾಸ್ಟಿಕ್ ದೋಣಿ. 12 ಅಡಿಯ ಒಂಟಿ ಸೀಟಿನದು ಸುಮಾರು 19 ಕೆಜಿ ತೂಗುತ್ತೆ. ಕೇಳೋಕೆ ದೊಡ್ಡದಲ್ಲ, ಊರಲ್ಲಿ 25 ಕೆಜಿ ಅಕ್ಕಿ ಮೂಟೆ ಎತ್ತಿದವರೇ ನಾವು. ಆದರೆ ಮೂಟೆ ಹೆಗಲ ಮೇಲೆ ಮುದುರಿ ಕೂರುತ್ತೆ. ದೋಣಿ ಮುದುರಲ್ಲ. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಬಡಿಯುತ್ತೆ, ಗಾಳಿ ಬಂದರೆ ನಿಮ್ಮನ್ನೇ ತಿರುಗಿಸುತ್ತೆ. ಅಡಿರಾಂಡಾಕ್‌ನಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ದೋಣಿ ಹೊತ್ತು ನಡೀಬೇಕು, ಅದಕ್ಕೆ ಅಲ್ಲಿಯವರು 'ಕ್ಯಾರಿ' ಅಂತಾರೆ. ಸೇಂಟ್ ರೀಜಿಸ್ ಅನ್ನೋ ಪ್ರದೇಶವಂತೂ ಮೋಟಾರು ಬಿಡದೆ ಕ್ಯಾನೂಗೇ ಮೀಸಲು. ಅಲ್ಲಿ ಹೊರೋದು ಹುಟ್ಟು ಹಾಕೋದರಷ್ಟೇ ದೊಡ್ಡ ಕೆಲಸ. ಭಾರದ ದೋಣಿ ತಗೊಂಡವರು ಮೊದಲ ವರ್ಷ ನಾಲ್ಕು ಸಲ ಹೋಗ್ತಾರೆ, ಎರಡನೇ ವರ್ಷ ಒಂದು ಸಲ. ಮೂರನೇ ವರ್ಷ ಮಾರಾಟಕ್ಕಿದೆ ಅಂತ ಫೋಟೋ ಹಾಕ್ತಾರೆ.

ಇದೇ ಕಾಡಲ್ಲಿ 1880ರಲ್ಲೇ ಒಬ್ಬ ಮನುಷ್ಯ ಈ ಲೆಕ್ಕ ಹಾಕಿದ್ದ. ಹೆಸರು ಜಾರ್ಜ್ ವಾಷಿಂಗ್ಟನ್ ಸಿಯರ್ಸ್, 'ನೆಸ್ಮಕ್' ಅನ್ನೋ ಹೆಸರಲ್ಲಿ 'ಫಾರೆಸ್ಟ್ ಅಂಡ್ ಸ್ಟ್ರೀಮ್' ಪತ್ರಿಕೆಗೆ ಬರೀತಿದ್ದ. ಐದಡಿ ಮೂರಿಂಚು ಎತ್ತರ, ನಮ್ಮ ಕೇಳುಗರಷ್ಟೇ ತೂಕ, ಮೇಲಾಗಿ ಎದೆಯ ಕಾಯಿಲೆ. ಗೈಡ್ ಇಟ್ಕೊಂಡು ಅವನ ಬೆನ್ನ ಮೇಲೆ ದೋಣಿ ಹೊರಿಸೋ ಶ್ರೀಮಂತ ಅಲ್ಲ, ಮನಸ್ಸೂ ಇರಲಿಲ್ಲ. ಕ್ಯಾಂಟನ್ ಊರಿನ ದೋಣಿ ಕಟ್ಟುವವ ಜೆ. ಹೆನ್ರಿ ರಶ್ಟನ್ ಹತ್ತಿರ ಹೋಗಿ, ಇನ್ನೂ ಹಗುರ, ಇನ್ನೂ ಹಗುರ ಅಂತ ಕಾಡಿದ. ಮೊದಲನೆಯದು 8 ಕೆಜಿ, ಮುಂದಿನದು 7 ಕೆಜಿ ಚಿಲ್ಲರೆ. 1883ರಲ್ಲಿ ಬಂದದ್ದು 'ಸೇರಿ ಗ್ಯಾಂಪ್': 9 ಅಡಿ ಉದ್ದ, 5 ಕೆಜಿಗೂ ಸ್ವಲ್ಪ ಕಮ್ಮಿ. ಸೀಡರ್ ಮರದ್ದು! ಆ ಹೆಸರು ಡಿಕನ್ಸ್ ಕಾದಂಬರಿಯ ಒಬ್ಬ ನರ್ಸಮ್ಮನದು. ಆಕೆಗೆ ಮದ್ಯ ಆಗುತ್ತೆ, ನೀರು ಆಗಲ್ಲ. ದೋಣಿಯೂ ನೀರು ಒಳಗೆ ಬಿಟ್ಕೊಳ್ಳಬಾರದಲ್ಲ, ಅದಕ್ಕೆ. ಅರವತ್ತು ದಾಟಿದ ಆ ಕಾಯಿಲೆ ಮನುಷ್ಯ ಅದರಲ್ಲಿ ಹೋಗಿ ಬಂದದ್ದು 266 ಮೈಲಿ, ಅಂದರೆ ಸುಮಾರು 428 ಕಿಲೋಮೀಟರ್.

ನಮ್ಮ ಹೊಳೆಗಳ ಹರಿಗೋಲೂ ಇದೇ ಲೆಕ್ಕದ್ದು. ಬಿದಿರಿನ ಬುಟ್ಟಿಗೆ ಹೊದಿಕೆ, ಕೆಲಸ ಮುಗಿದ ಮೇಲೆ ಬೆನ್ನ ಮೇಲೆ ಕವುಚಿ ಹಾಕ್ಕೊಂಡು ಹೊರಟರೆ ಹಿಂದಿನಿಂದ ಆಮೆ ನಡೆದ ಹಾಗೆ ಕಾಣುತ್ತೆ. ಹೊತ್ತುಕೊಂಡು ಹೋಗೋಕಾಗದ ದೋಣಿ ಒಂಟಿ ಮೀನುಗಾರನಿಗೆ ಬೇಡ ಅನ್ನೋದು ಎರಡೂ ಕಡೆ ಗೊತ್ತಿತ್ತು.

ಈಗ ಸೀಡರ್ ಜಾಗಕ್ಕೆ ಕೆವ್ಲಾರ್, ಕಾರ್ಬನ್ ಬಂದಿವೆ. ನೆಸ್ಮಕ್‌ನ ದೋಣಿಯ ಮರಿಮಕ್ಕಳಿಗೆ 'ಪ್ಯಾಕ್ ಕ್ಯಾನೂ' ಅಂತಾರೆ: 10ರಿಂದ 12 ಅಡಿ, 7ರಿಂದ 12 ಕೆಜಿ ಒಳಗೆ. ತಳದ ಹತ್ತಿರವೇ ಕೂತು, ಎರಡೂ ತುದಿಗೆ ಅಲಗಿರೋ ಹುಟ್ಟು ಹಾಕೋದು. ತಗ್ಗಿ ಕೂರೋದರಿಂದ ದೋಣಿ ಸುಲಭಕ್ಕೆ ಮಗುಚಲ್ಲ. ಆದರೆ ಗಾಳ ಬೀಸುವಾಗ ಕೈ ತಗ್ಗಲ್ಲಿರುತ್ತೆ, ಫ್ಲೈ ದಾರ ಹಿಂದಿನ ಪೊದೆಗೆ ಸಿಕ್ಕಿಕೊಳ್ಳುತ್ತೆ. ಸಣ್ಣ ಹಳ್ಳದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ದೋಣಿ ಮೀನು ಹಿಡಿಯೋ ಕುರ್ಚಿ ಅಲ್ಲ, ಒಳ್ಳೆ ಮಡುವಿನ ತನಕ ಹೋಗೋ ಸೈಕಲ್. ದಡಕ್ಕೆ ಎಳೆದಿಟ್ಟು, ಇಳಿದು ಗಾಳ ಹಾಕಿ.

ಹಾಗಾದರೆ ಅತಿ ಹಗುರದ್ದೇ ತಗೊಳ್ಳೋದಾ? ಇಲ್ಲಿ ನಾನು ಸ್ವಲ್ಪ ಹಿಂದೆ ಸರೀತೀನಿ. 10 ಅಡಿಯ ದೋಣಿ ಹಳ್ಳದ ತಿರುವಲ್ಲಿ ಚೆನ್ನಾಗಿ ತಿರುಗುತ್ತೆ. ಕೆರೆಗೆ ಬಂದರೆ ಮೂಗು ಅತ್ತಿತ್ತ ಆಡುತ್ತೆ, ಎದುರು ಗಾಳಿ ಬಂತೋ ಒಣ ಎಲೆ ಥರ. ಮುಂದಿನ ಭಾಗದಲ್ಲಿ ನೀರಿನ ಚೀಲವೋ ಬ್ಯಾಗೋ ಇಟ್ಟರೆ ಸ್ವಲ್ಪ ಸರಿ ಹೋಗುತ್ತೆ, ಪೂರ್ತಿ ಅಲ್ಲ. ಜೊತೆಗೆ ಕಲ್ಲು. ಪ್ಲಾಸ್ಟಿಕ್ ಕಲ್ಲಿಗೆ ತಿಕ್ಕಿದರೆ ಗೀರು, ಅಷ್ಟೇ. ತೆಳು ಕಾರ್ಬನ್ ಜೋರಾಗಿ ಬಡಿದರೆ ಸೀಳುತ್ತೆ. ಹಿಂದೆ ರಾಯಲೆಕ್ಸ್ ಅಂತ ಒಂದು ವಸ್ತು ಇತ್ತು, ಗಟ್ಟಿಯೂ ಹೌದು, ಪ್ಲಾಸ್ಟಿಕ್‌ಗಿಂತ ಹಗುರವೂ ಹೌದು. ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರಿಂದ ಮಾಡಿದ 12 ಅಡಿಯ ಓಲ್ಡ್ ಟೌನ್ ಪ್ಯಾಕ್ ಸುಮಾರು 15 ಕೆಜಿ, ಸೆಕೆಂಡ್ ಹ್ಯಾಂಡ್‌ಗೆ ಬಂದರೆ ಈಗಲೂ ಜನ ಓಡಿ ಹೋಗಿ ತಗೊಳ್ತಾರೆ.

ಅದಕ್ಕೇ ಈ ತಂಗಿಗೆ ನನ್ನ ಉತ್ತರ: 12 ಅಡಿ ಆಸುಪಾಸಿನ, 11-12 ಕೆಜಿಯ ಕೆವ್ಲಾರ್ ಅಥವಾ ಫೈಬರ್‌ಗ್ಲಾಸ್ ಮಿಶ್ರಣದ ಪ್ಯಾಕ್ ಕ್ಯಾನೂ, ಬಳಸಿದ್ದಾದರೂ ಪರವಾಗಿಲ್ಲ. 7 ಕೆಜಿಯದಕ್ಕೆ ಆಸೆ ಪಡಬೇಡಿ, ವಿದ್ಯಾರ್ಥಿಯ ಜೇಬಿಗೂ ಅದು ಭಾರ. ನೋಡೋಕೆ ಹೋದಾಗ ಬಾತ್‌ರೂಮ್ ತೂಕದ ಯಂತ್ರ ಒಯ್ಯಿರಿ. ಒಮ್ಮೆ ನೀವು ನಿಂತು, ಆಮೇಲೆ ದೋಣಿ ಹಿಡಿದು ನಿಂತು, ಕಳೆದು ನೋಡಿ. ಜಾಹೀರಾತಿನ ತೂಕದಲ್ಲಿ ಸೀಟು, ಬೆನ್ನೊರಗು ಸೇರಿದೆಯಾ ಕೇಳಿ. ತಳವನ್ನ ಹೆಬ್ಬೆರಳಲ್ಲಿ ಒತ್ತಿ, ಒಂದು ಕಡೆ ಮಾತ್ರ ಮೆತ್ತಗಿದ್ದರೆ ಒಳಗಿನ ಪದರ ಬಿಟ್ಟಿರಬಹುದು. ಬೇರೆಯವರು ಎತ್ತಿ ಕೊಡೋಕೆ ಬಂದರೆ ಬೇಡ ಅನ್ನಿ. ನೆಲದಿಂದ ಹೆಗಲಿಗೆ ನೀವೊಬ್ಬರೇ ಎತ್ತಿ, ಇನ್ನೂರು ಹೆಜ್ಜೆ ನಡೆದು, ಇಳಿಸಿ.

ಈಗ ಆ ಕೊನೆ ಸಾಲು. ಈಜು ಬರಲ್ಲ ಅಂದಮೇಲೆ ದೋಣಿಗಿಂತ ಮೊದಲು ಮೈಗೆ ಸರಿಯಾಗಿ ಕೂರೋ ಲೈಫ್ ಜಾಕೆಟ್ ಕೊಳ್ಳಿ. ಸೀಟಿನ ಕೆಳಗೆ ಇಡೋಕಲ್ಲ, ಹಾಕ್ಕೊಳ್ಳೋಕೆ. ನ್ಯೂಯಾರ್ಕ್‌ನಲ್ಲಿ ನವೆಂಬರ್ 1ರಿಂದ ಮೇ 1ರ ತನಕ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಅದನ್ನ ಧರಿಸೋದು ಕಾನೂನು. ಕಾರಣ ಇದೆ. ಹಿಮ ಕರಗಿದ ನೀರಿಗೆ ಬಿದ್ದರೆ ಮೊದಲ ಕ್ಷಣ ಉಸಿರು ತಾನಾಗೇ ಒಳಗೆಳೆಯುತ್ತೆ, ಆಗ ಬಾಯಿ ನೀರೊಳಗಿದ್ದರೆ ಒಳ್ಳೆ ಈಜುಗಾರನ ಕಥೆಯೂ ಮುಗೀತು. ಟ್ರೌಟ್ ಸೀಸನ್ ಚೆನ್ನಾಗಿರೋದೂ ಅದೇ ತಣ್ಣೀರಲ್ಲಿ, ಏನ್ ಮಾಡೋದು. ಮೇ ಎರಡಕ್ಕೆ ಕಾನೂನು ಸಡಿಲ ಆಗುತ್ತೆ, ನೀರು ಬಿಸಿ ಆಗಲ್ಲ.

ಹರಿಯೋ ನೀರಲ್ಲಿ ಬಂಡೆಗಿಂತ ನನಗೆ ಹೆಚ್ಚು ಭಯ ಬಿದ್ದ ಮರದ್ದು. ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಹೋದ ಹಾಗೆ ಹೋಗುತ್ತೆ, ಮನುಷ್ಯ ಸಿಕ್ಕಿಕೊಳ್ತಾನೆ. ತಿರುವಿನ ಆಚೆ ಕಾಣ್ತಿಲ್ಲ ಅಂದರೆ ದಡಕ್ಕೆ ಬಂದು ನಡೆದು ನೋಡಿ. ದೋಣಿ ಹಗುರ ಇರೋದು ಇದಕ್ಕೂ ಅನುಕೂಲ, ಹೊತ್ತು ದಾಟಿಸಬಹುದು. ಬಂಡೆಗೆ ಅಡ್ಡಲಾಗಿ ಒರಗಿದರೆ ಬಂಡೆಯ ಕಡೆಗೇ ವಾಲಿ, ತಬ್ಬಿಕೊಳ್ಳೋ ಹಾಗೆ. ಹೆದರಿ ಆಚೆ ವಾಲಿದರೆ ಹರಿವು ದೋಣಿಯೊಳಗೆ ನುಗ್ಗುತ್ತೆ. ಬಿದ್ದರೆ ಸೆಳವಲ್ಲಿ ಎದ್ದು ನಿಲ್ಲೋಕೆ ಹೋಗಬೇಡಿ, ಕಾಲು ಕಲ್ಲಿನ ಸಂದಿಗೆ ಸಿಕ್ಕುತ್ತೆ. ಮಲಗಿ, ಕಾಲು ಮುಂದೆ ಮೇಲಕ್ಕೆತ್ತಿ ತೇಲಿ. ಸೆಳವಿನ ಮಧ್ಯೆ ಲಂಗರು ಹಾಕೋದಂತೂ ಬೇಡವೇ ಬೇಡ.

ಈಜು ಕಲಿಯೋದು? ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಪೂಲ್ ಇರುತ್ತೆ, ಚಳಿಗಾಲದಲ್ಲಿ ಸೇರ್ಕೊಳ್ಳಿ. ಬೇಸಿಗೆ ಬಂದ ಮೇಲೆ ಎದೆಮಟ್ಟದ ನಿಂತ ನೀರಲ್ಲಿ, ಗೊತ್ತಿರೋರು ಒಬ್ಬರನ್ನ ದಡದಲ್ಲಿ ನಿಲ್ಲಿಸಿ, ಜಾಕೆಟ್ ಹಾಕ್ಕೊಂಡು ದೋಣಿಯನ್ನ ಬೇಕಂತಲೇ ಮಗುಚಿ. ಹೊರಗೆ ಬನ್ನಿ, ದೋಣಿ ಹಿಡ್ಕೊಂಡು ದಡಕ್ಕೆ ಒದೆಯಿರಿ. ಅದು ಮೂರು ಸಲ ಸರಾಗ ಆಗೋ ತನಕ ಒಬ್ಬಳೇ ಹಳ್ಳಕ್ಕೆ ಹೋಗೋದು ಬೇಡ ತಂಗಿ. ಆ ವರ್ಷ ಸ್ನೇಹಿತೆ ಜೊತೆ ಹೋಗಿ.

ಅಂದ ಹಾಗೆ, 16 ದಾಟಿದವರಿಗೆ ಅಲ್ಲಿ ಮೀನು ಹಿಡಿಯೋಕೆ ಲೈಸೆನ್ಸ್ ಬೇಕು. ಒಂದು ನೀರಿಂದ ಇನ್ನೊಂದಕ್ಕೆ ಹೋಗೋ ಮುಂಚೆ ದೋಣಿ ತೊಳೆದು, ನೀರು ಬಸಿದು, ಒಣಗಿಸಿ. ಹೊರಗಿನ ಕಳೆ ಅಂಟಿಕೊಂಡು ಬರುತ್ತೆ. ಹೋಗುವಾಗ ಎಲ್ಲಿ ಇಳೀತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ರೂಮ್‌ಮೇಟ್‌ಗೆ ಮೆಸೇಜ್ ಹಾಕಿಡಿ, ಕಾಡೊಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ. ದೋಣಿ ತಗೊಂಡ ಮೇಲೆ ತೂಕ ಎಷ್ಟು ಬಂತು ಅಂತ ನನಗೂ ಒಂದು ಮೆಸೇಜ್ ಹಾಕಿ.