ಪಾಡ್‌ಕಾಸ್ಟ್: ಪೆಟ್ಟಾಗದ ಕತ್ತಿ ಮಾಡೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ವಿಷಯ ಕತ್ತಿ. ಗಾಬರಿ ಬೇಡ, ಇದು ಪೈಪು, ಫೋಮು, ಬಟ್ಟೆಯ ಕತ್ತಿ.

ನಮ್ಮೂರು ಸುರಪುರ. ಇಲ್ಲಿನ ಹುಡುಗರು ಒಮ್ಮೆಯಾದರೂ ರಾಜಾ ವೆಂಕಟಪ್ಪ ನಾಯಕ ಆಗಿಯೇ ಆಗಿರ್ತಾರೆ, ಓಣಿಯಲ್ಲೋ ಶಾಲೆಯ ಸ್ಟೇಜ್ ಮೇಲೋ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಎದುರು ನಿಂತ ದೊರೆ ಅವರು. ಪಕ್ಕದ ವಾಗಣಗೇರಿ ಕೋಟೆ ಕಥೆ ಇನ್ನೂ ಹಳೇದು. 1705ರಲ್ಲಿ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ ಕೋಟೆ ಅದು. ಇಂಥಾ ಊರಲ್ಲಿ ಹುಡುಗರ ಕೈಗೆ ಕೋಲು ಸಿಕ್ಕರೆ ಅದು ಕತ್ತಿ ಆಗದೆ ಇನ್ನೇನಾಗುತ್ತೆ ಹೇಳಿ?

ಏಳನೇ ಕ್ಲಾಸಿನಲ್ಲಿ ನಾವೂ ಆ ನಾಟಕ ಮಾಡಿದ್ವಿ. ನನ್ನ ಗೆಳೆಯ ವೆಂಕಟಪ್ಪ ನಾಯಕ, ನಾನು ಇಂಗ್ಲಿಷ್ ಕ್ಯಾಪ್ಟನ್. ನನ್ನ ಕತ್ತಿ ಅಂದ್ರೆ ಬಿದಿರಿನ ಸೀಳು, ಮೇಲೆ ಬೆಳ್ಳಿ ಕಾಗದ. ಜನ ಚಪ್ಪಾಳೆ ಹೊಡೀತಿದ್ರು, ನಂಗೆ ಹುರುಪು ಬಂತು, ರಿಹರ್ಸಲ್‌ನಲ್ಲಿ ಇಲ್ಲದ ಒಂದು ಏಟು ಬೀಸಿದೆ. ಅವನ ಹುಬ್ಬು ಸೀಳಿತು. ನಾಲ್ಕು ಹೊಲಿಗೆ. ಅರ್ಧ ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು. ತಪ್ಪು ನಂದೇ. ಮುಂದಿನ ವರ್ಷದಿಂದ ನಾಟಕದಲ್ಲಿ ಯುದ್ಧವೇ ಇರಲಿಲ್ಲ.

ಈಗ ಅದೇ ಗೆಳೆಯನ ಒಂಬತ್ತು ವರ್ಷದ ಮಗ ಬಂದು, "ಕಾಕಾ, ನಂಗೊಂದು ಕತ್ತಿ ಮಾಡಿಕೊಡು" ಅಂದ. ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ, ಹೂಂ ಅನ್ನಲಿಕ್ಕೆ ಧೈರ್ಯ ಬರಲಿಲ್ಲ. ಹಾಗಾಗಿ ಕೂತು ಕಲಿತೆ.

ಮೊದಲು ಒಂದು ವಿಜ್ಞಾನ. ಕ್ರಿಕೆಟ್ ಬಾಲ್ ಹಿಡಿಯುವಾಗ ಕೈ ಹಿಂದಕ್ಕೆ ಎಳ್ಕೋತೀವಲ್ಲ, ಯಾಕೆ? ಬಾಲ್ ನಿಲ್ಲೋಕೆ ತಗೊಳ್ಳೋ ಸಮಯ ಹೆಚ್ಚಾದಷ್ಟೂ ಕೈಗೆ ಬೀಳೋ ಬಲ ಕಡಿಮೆ. ಫೋಮ್ ಮಾಡೋದೂ ಅದೇ ಕೆಲಸ. ಅದು ಅಮುಕುತ್ತ ಏಟಿನ ವೇಗ ತಗ್ಗಿಸುತ್ತೆ, ಏಟನ್ನು ಅಗಲಕ್ಕೆ ಹರಡುತ್ತೆ. ಇದು ಹೊಸ ಬುದ್ಧಿಯಲ್ಲ. ಜಪಾನಿನಲ್ಲಿ ಸೀಳಿದ ಬಿದಿರನ್ನು ಚರ್ಮದ ಚೀಲದೊಳಗೆ ಹಾಕಿ ಅಭ್ಯಾಸ ಮಾಡ್ತಿದ್ರು. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಡಾಗೊರ್‌ಹಿರ್ ಅನ್ನೋ ಆಟದಲ್ಲಿ ದೊಡ್ಡವರೇ ಫೋಮ್ ಕತ್ತಿ ಹಿಡಿದು ಬಯಲಲ್ಲಿ ಕಾದಾಡ್ತಾರೆ.

ಈಗ ಸಾಮಾನು. ಶಹಾಪುರದ ಪೈಪ್ ಅಂಗಡಿಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪ್ ತಂದೆ. ಸಣ್ಣ ಮಕ್ಕಳಿಗೆ ಎರಡೂವರೆ ಅಡಿ ಸಾಕು. ಬಿದಿರು ಬೇಡ, ಸೀಳಿ ಮುಳ್ಳಾಗುತ್ತೆ. ಕಬ್ಬಿಣದ ಸರಳಂತೂ ಬೇಡವೇ ಬೇಡ. ಫೋಮ್ ಹುಡುಕಿದ್ದು ಯಾದಗಿರಿಯಲ್ಲಿ. ಎಸಿ ಪೈಪಿಗೆ ಹಾಕೋ ಕರೀ ರಬ್ಬರ್ ಕೊಳವೆ ಇರುತ್ತಲ್ಲ, ಅದೇ. ಗೋಡೆ ದಪ್ಪ ಮುಕ್ಕಾಲು ಇಂಚು ಇರಲಿ.

ಪೈಪಿನ ಎರಡೂ ಬಾಯಿಗೆ ಕ್ಯಾಪ್ ಹಾಕಿ. ತುದಿಯ ಕ್ಯಾಪ್ ಮೇಲೆ ಹಳೇ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ಬಿಲ್ಲೆ ಅಂಟಿಸಿ. ಇಲ್ಲದಿದ್ರೆ ನಾಲ್ಕು ದಿನದಲ್ಲಿ ಪೈಪು ಫೋಮನ್ನು ಕೊರೆದು ಹೊರಗೆ ಇಣುಕುತ್ತೆ. ಆಮೇಲೆ ಹಿಡಿಕೆಯ ಜಾಗ ಬಿಟ್ಟು ಫೋಮ್ ತೊಡಿಸಿ. ಅದು ಪೈಪಿಗಿಂತ ಎರಡು ಇಂಚು ಮುಂದಿರಬೇಕು, ಆ ಟೊಳ್ಳಿಗೂ ಫೋಮ್ ತುಂಡು ತುಂಬಬೇಕು. ತುದಿಯ ಅಗಲ ಎರಡೂವರೆ ಇಂಚಾದರೂ ಇರಲಿ, ಕಮ್ಮಿ ಬಿದ್ರೆ ಇನ್ನೊಂದು ಸುತ್ತು ಸುತ್ತಿ. ಕಣ್ಣಿನ ಗುಳಿಗಿಂತ ಅಗಲವಾಗಿದ್ರೆ ಅದು ಒಳಗೆ ಹೋಗಲ್ಲ, ಅಷ್ಟೇ ಲೆಕ್ಕ. ಮೇಲೆ ಬಟ್ಟೆಯ ಚೀಲ ಹೊಲಿದು ಹಾಕಿ. ಹಳೇ ಪೈಜಾಮದ ಕಾಲು ನಡೆಯುತ್ತೆ. ಇಡೀ ಕತ್ತಿಗೆ ಟೇಪ್ ಬಿಗಿದು ಸುತ್ತಬೇಡಿ, ಫೋಮ್ ಗಟ್ಟಿಯಾಗಿ ಮತ್ತೆ ಕೋಲೇ ಆಗುತ್ತೆ.

ನಮ್ಮ ಬಿಸಿಲು ನಿಮಗೆ ಗೊತ್ತು, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ಮಾಳಿಗೆ ಮೇಲೆ ಬಿಟ್ರೆ ಅಂಟು ಬಿಡುತ್ತೆ, ಪೈಪು ಪೆಡಸಾಗಿ ಸೀಳುತ್ತೆ. ಒಳಗಿಡಿ. ಪ್ರತಿ ಸಲ ಆಡುವ ಮೊದಲು ಉದ್ದಕ್ಕೂ ಹಿಚುಕಿ ನೋಡಿ. ಎಲ್ಲಾದರೂ ಪೈಪು ಬೆರಳಿಗೆ ತಾಗಿದ್ರೆ ಆ ಕತ್ತಿಗೆ ನಿವೃತ್ತಿ.

ನಿಯಮ ನಾಲ್ಕೇ. ತಲೆ, ಕುತ್ತಿಗೆ, ತೊಡೆಸಂದಿಗೆ ಏಟಿಲ್ಲ. ಚುಚ್ಚೋದಿಲ್ಲ, ಬೀಸೋದು ಮಾತ್ರ. ಕಣ್ಣಿಗೆ ಗಾಗಲ್ ಇರಲಿ, ಫೋಮ್ ಇದೆ ಅಂತ ಮೈ ಮರೀಬೇಡಿ. ಯಾರಾದರೂ "ನಿಲ್ಲು" ಅಂದ್ರೆ ಎಲ್ಲರೂ ನಿಲ್ಲಬೇಕು. ಗೆಲ್ಲುತ್ತಿರೋನೂ ನಿಲ್ಲಬೇಕು, ಅವನೇ ಮೊದಲು ನಿಲ್ಲಬೇಕು. ಅವತ್ತು ಸ್ಟೇಜ್ ಮೇಲೆ ನನಗೆ ಈ ಬುದ್ಧಿ ಇರಲಿಲ್ಲ.

ಕೊನೆಯ ಪರೀಕ್ಷೆ: ಮಾಡಿದವರೇ ಮೊದಲು ಏಟು ತಿನ್ನಬೇಕು. ಕತ್ತಿಯನ್ನು ಗೆಳೆಯನ ಕೈಗೆ ಕೊಟ್ಟು, "ಹೊಡಿ" ಅಂದು ತೋಳು ಒಡ್ಡಿದೆ. ಅವನ ಹುಬ್ಬಿನ ಗೆರೆ ಈಗಲೂ ಕಾಣುತ್ತೆ. ಜೋರಾಗೇ ಬೀಸಿದ. ಧಪ್ ಅಂತು, ನೋವಾಗಲಿಲ್ಲ. ಅವನು ಇನ್ನೊಂದು ಸಲ ಬೀಸಿದ, ಮತ್ತೊಂದು ಸಲ. ಆಮೇಲೆ ನಕ್ಕು, ಮಗನನ್ನು ಕರೆದು ಕತ್ತಿ ಕೊಟ್ಟ.

"ಎರಡು ಮಾಡಪ್ಪ," ಅಂದ ನನಗೆ. "ಒಬ್ಬನೇ ಹೆಂಗ ಆಡ್ತಾನ?"

ಎರಡನೆಯದಕ್ಕೆ ಪೈಪ್ ಕತ್ತರಿಸಿ ಇಟ್ಟಿದ್ದೀನಿ. ನೀವೂ ಮಾಡಿ ನೋಡಿ, ಮೊದಲ ಏಟು ಮಾತ್ರ ನಿಮ್ಮದೇ ಮೈಗೆ.