ಯಂತ್ರದ ಪುಸ್ತಕ ಬರೆಯುವವರು
(ಮುಂಬಯಿಯ ನಮ್ಮ ರಾತ್ರಿ ಶಾಲೆಯಲ್ಲಿ ಮಾಡಿದ ಭಾಷಣ)



ಮಜೂರಿ, ರಜೆ, ಬೋನಸ್ಸುಗಳ ಮಾತು ಇಂದಿಗೆ ಇರಲಿ. ನಮಗೂ ಅದಕ್ಕೂ ಸಂಬಂಧವಿಲ್ಲವೆಂದು ನಾವು ತಿಳಿದುಕೊಂಡಿರುವ ಒಂದು ಕಸಬಿನ ವಿಷಯ ಹೇಳಲು ನಿಂತಿದ್ದೇನೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ದೊಡ್ಡ ಮಾತು ಬಾರದು, ಕಂಡದ್ದನ್ನು ಹೇಳುತ್ತೇನೆ.

ಹೊಸ ಯಂತ್ರ ಬಂದಾಗ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಬರುತ್ತದಷ್ಟೆ. ಮ್ಯಾನೇಜರರು ಅದನ್ನು ಗಲ್ಲಾದ ಕೆಳಗಿನ ಡ್ರಾವರಿಗೆ ಹಾಕಿ ಬೀಗ ಜಡಿಯುತ್ತಾರೆ. ಯಂತ್ರ ನಮ್ಮ ಕೈಗೆ, ಪುಸ್ತಕ ಅವರ ಕೈಗೆ. ಆ ಪುಸ್ತಕ ತಾನಾಗಿ ಹುಟ್ಟುವುದಿಲ್ಲ. ಅದನ್ನು ಬರೆಯುವುದಕ್ಕೇ ಸಂಬಳದ ಜನರಿದ್ದಾರೆ. ಟೆಕ್ನಿಕಲ್ ರೈಟರ್ ಎಂದು ಹೆಸರು. ಪುಣೆಯಲ್ಲಿ, ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಬಹಳ ಮಂದಿ. ಒತ್ತಡ, ಶಾಖ, ಗ್ಯಾಸು ಅಳೆಯುವ ಮಾಪಕಗಳಿಗೂ, ಅವನ್ನು ನಡೆಸುವ ಸಾಫ್ಟ್‌ವೇರಿಗೂ ಅವರೇ ಪುಸ್ತಕ ಬರೆಯುತ್ತಾರೆ.

ಅವರ ಕೆಲಸ ಸುಲಭವಲ್ಲ. ಯಂತ್ರ ಮಾಡಿದ ಇಂಜಿನಿಯರನಿಗೆ ಎಲ್ಲವೂ ಗೊತ್ತು. ಆದ್ದರಿಂದಲೇ ಅವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಬರೆಯುವವನು ಅವನ ಬೆನ್ನು ಹತ್ತಿ, ಯಾವ ವಾಲ್ವು, ಯಾವ ಕಡೆಗೆ ತಿರುಗಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಕೇಳಬೇಕು. ಕೇಳಿದ್ದನ್ನು ತಾನೇ ಮಾಡಿ ನೋಡಬೇಕು. ಎಚ್ಚರಿಕೆಯ ಮಾತನ್ನು ಕೆಲಸದ ಮಾತಿಗಿಂತ ಮೊದಲು ಹಾಕಬೇಕು. ಇದು ನಮಗೆ ಹೊಸದೇನಲ್ಲ. ದೋಸೆ ಕಾವಲಿಯಿಂದ ಎದ್ದ ಮೇಲೆ ಮಾಣಿ ಬಂದು "ಈರುಳ್ಳಿ ಬೇಡವಂತೆ" ಎಂದರೆ ಭಟ್ಟರು ಏನು ಹೇಳುತ್ತಾರೆಂಬುದು ನಿಮಗೆಲ್ಲ ಗೊತ್ತುಂಟು!

ಪುಸ್ತಕ ಕೆಟ್ಟರೆ ಏನಾಗುತ್ತದೆ? 1985ರಿಂದ 1987ರೊಳಗೆ ಅಮೆರಿಕ, ಕೆನಡಾ ದೇಶಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ಕಿರಣ ಹಾಯಿಸಿತು. ಸತ್ತವರೂ ಇದ್ದಾರೆ. ಮೂಲದೋಷ ಸಾಫ್ಟ್‌ವೇರಿನದು. ಆದರೆ 1986ರಲ್ಲಿ ಟೆಕ್ಸಾಸಿನ ಟೈಲರ್ ಊರಿನಲ್ಲಿ ಯಂತ್ರ ಪರದೆಯ ಮೇಲೆ ‘ದೋಷ 54’ ಎಂದು ತೋರಿಸಿತ್ತು. 54 ಎಂದರೇನು? ನಡೆಸುವವರ ಪುಸ್ತಕದಲ್ಲಿ ಅದರ ವಿವರಣೆಯೇ ಇರಲಿಲ್ಲ. ಅಂಥ ಸಣ್ಣಪುಟ್ಟ ದೋಷ ದಿನವೂ ಬರುತ್ತಿದ್ದುದರಿಂದ, ನಡೆಸುವಾಕೆ ಮುಂದುವರಿಸುವ ಗುಂಡಿ ಒತ್ತಿದಳು. ಆಕೆಯನ್ನು ನಾನು ದೂರಲಾರೆ.

ಅದೇ ಟೆಕ್ಸಾಸ್ ರಾಜ್ಯದ ಟೆಕ್ಸಾಸ್ ಸಿಟಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ 2005ರ ಮಾರ್ಚ್ 23ರಂದು ಸ್ಫೋಟವಾಗಿ 15 ಕಾರ್ಮಿಕರು ಸತ್ತರು, 180 ಮಂದಿ ಗಾಯಗೊಂಡರು. 170 ಅಡಿ ಎತ್ತರದ ಗೋಪುರದಲ್ಲಿ ದ್ರವ 150 ಅಡಿ ದಾಟಿತ್ತು. ಮಾಪಕ ಮಾತ್ರ 8 ಅಡಿಗೂ ಕಡಿಮೆ ಎಂದು ತೋರಿಸುತ್ತಿತ್ತು. ಕಾರಣಗಳು ಅನೇಕ. ಆ ಮಾಪಕವನ್ನು 1975ರ ಸುಮಾರಿನ ಹಳೆಯ ವಿವರಪತ್ರ ನೋಡಿ ಹೊಂದಿಸಿದ್ದರೆಂಬುದು ಅವುಗಳಲ್ಲೊಂದು. ಮೂವತ್ತು ವರ್ಷ ಯಾರೂ ತಿದ್ದದ ಒಂದು ಹಾಳೆ!

ಇದೆಲ್ಲ ಪರದೇಶದ ಮಾತೆನ್ನಬೇಡಿ. ನಾನು ದುಡಿದ ಒಂದು ಹೋಟೆಲಿನಲ್ಲಿ ಗ್ಯಾಸು ಸೋರಿದರೆ ಕೂಗುವ ಪೆಟ್ಟಿಗೆ ಇತ್ತು. ಅದರ ಮುಖ ಗೋಡೆಯ ಮೇಲೆ, ಮೂಗು ನೆಲದ ಹತ್ತಿರ. ಮುಖದ ಮೇಲೆ ಎಲ್.ಇ.ಎಲ್. ಎಂಬ ಮೂರಕ್ಷರ, ಪಕ್ಕದಲ್ಲಿ ಒಂದು ಅಂಕಿ. ಹುಡುಗರು ಅದನ್ನು ಗಡಿಯಾರವೆನ್ನುತ್ತಿದ್ದರು. ಮೂಗಿಗೆ ಅಕ್ಕಿ ಮೂಟೆ ಒರಗಿಸಿಡುತ್ತಿದ್ದರು. ಅಲ್ಲಿ 20 ಎಂದು ಬಂದರೆ ನೂರಕ್ಕೆ ಇಪ್ಪತ್ತು ಪಾಲು ಗ್ಯಾಸು ಎಂದಲ್ಲ. ನಮ್ಮ ಅಡಿಗೆ ಗ್ಯಾಸು ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಸಾಕು, ಕಿಡಿ ಸೋಕಿದೊಡನೆ ಹೊತ್ತುತ್ತದೆ. ಆ ಎರಡು ಪಾಲನ್ನೇ ಪೆಟ್ಟಿಗೆ 100 ಎಂದು ಎಣಿಸುತ್ತದೆ. 20 ಎಂದರೆ ಅಪಾಯದ ಐದನೆಯ ಒಂದು ಪಾಲು ಆಗಲೇ ಬಂದಿದೆಯೆಂದು ಅರ್ಥ. ಇದನ್ನು ಬರೆದವನು ಚೆನ್ನಾಗಿಯೇ ಬರೆದಿದ್ದ, ಮೂಗನ್ನು ಮುಚ್ಚಬಾರದೆಂದೂ ಹೇಳಿದ್ದ. ಆದರೆ ಇಂಗ್ಲಿಷಿನಲ್ಲಿ, ಡ್ರಾವರಿನೊಳಗೆ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಉಂಟು. ಈ ಗ್ಯಾಸು ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ನಮ್ಮ ಹುಡುಗರು ಮಲಗುವುದು ಅದೇ ನೆಲದ ಮೇಲೆ. ಕಂಪನಿಯ ಬರೆಹಗಾರನ ಮನಸ್ಸಿಗೆ ಇದು ಹೇಗೆ ಹೊಳೆದೀತು? ಮೇಜಿನ ಮುಂದೆ ಕುಳಿತವನಿಗೆ ಯಾರಾದರೂ ಹೇಳಬೇಕು.

ಯೂರೋಪಿನ ಒಕ್ಕೂಟದಲ್ಲಿ 2006ರ ಯಂತ್ರ ನಿಯಮವೊಂದಿದೆ. ಜರ್ಮನಿಯ ಯಂತ್ರ ಗ್ರೀಸಿಗೆ ಹೋಗಬೇಕಾದರೆ ಪುಸ್ತಕ ಗ್ರೀಕ್ ಭಾಷೆಯಲ್ಲಿರಲೇಬೇಕು. ಅನುವಾದವಾದರೆ ಅನುವಾದವೆಂದು ಅದರ ಮೇಲೆ ಅಚ್ಚು ಹಾಕಬೇಕು. ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯಿದೆಯ 108ನೇ ಕಲಮು, ಆ ಕಾಯಿದೆಯಂತೆ ಹಚ್ಚುವ ನೋಟೀಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಹೇಳಿತ್ತು. ಗಿರಣಿಯಲ್ಲಿ ದುಡಿದ ಹಿರಿಯರು ಅಂಥ ಹಲಗೆಗಳನ್ನು ಕಂಡವರು. ಆದರೆ ಗೋಡೆಯ ನೋಟೀಸು ಬೇರೆ, ಯಂತ್ರದ ಪುಸ್ತಕ ಬೇರೆ.

ಆದ್ದರಿಂದ ಸಂಘದ ಮುಂದೆ ನನ್ನದೊಂದು ಸೂಚನೆ. ನಮ್ಮ ಅಡಿಗೆಮನೆಯ ಒಂದೊಂದು ಯಂತ್ರಕ್ಕೂ ಕನ್ನಡದಲ್ಲಿ ಒಂದು ಪುಟ ಬರೆಯೋಣ. ಭಟ್ಟರು ಹೇಳಲಿ, ಶಾಲೆಯ ಹುಡುಗರು ಬರೆಯಲಿ, ತಿಳಿದ ಮೆಕ್ಯಾನಿಕರಿಗೆ ತೋರಿಸಿ ತಿದ್ದಿಸೋಣ. ಬರೆದ ದಿನದ ತಾರೀಖು ಕೆಳಗಿರಲಿ, ವರ್ಷಕ್ಕೊಮ್ಮೆ ಪುನಃ ನೋಡೋಣ. ಮೊದಲನೆಯದು ಗ್ಯಾಸಿನದು: ‘ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡ, ಹಾಕಲೂಬೇಡ, ಆರಿಸಲೂಬೇಡ. ಮಲಗಿದವರನ್ನು ಎಬ್ಬಿಸು. ಸಿಲಿಂಡರಿನ ವಾಲ್ವು ಮುಚ್ಚು. ಬಾಗಿಲು ಕಿಟಕಿ ತೆರೆ. ಎಲ್ಲರೂ ಹೊರಗೆ.’ ಎಬ್ಬಿಸುವ ಮಾತು ಕಂಪನಿಯ ಪುಸ್ತಕದಲ್ಲಿ ಇರಲಿಲ್ಲ, ಅದು ನಮ್ಮದು.

ಬರುವ ಭಾನುವಾರ ಮಧ್ಯಾಹ್ನದ ಬಿಡುವಿನಲ್ಲಿ ಇಲ್ಲಿಯೇ ಸೇರೋಣ. ಪುಸ್ತಕ ಸಿಕ್ಕರೆ ತನ್ನಿರಿ. ಮಾಲಿಕರು ಕೊಡದಿದ್ದರೆ ಯಂತ್ರದ ತಗಡಿನ ಮೇಲಿರುವ ಹೆಸರು, ನಂಬರು ಬರೆದುಕೊಂಡು ಬನ್ನಿರಿ; ಅನೇಕ ಕಂಪನಿಗಳ ಪುಸ್ತಕ ಮೊಬೈಲಿನಲ್ಲಿಯೇ ದೊರೆಯುತ್ತದೆ. ಕಾಗದ, ಪೆನ್ಸಿಲು ಶಾಲೆಯಲ್ಲಿ ಇವೆ.